ಮಳೆಗಾಲದಲ್ಲೂ ಕಿತ್ತುಬರದ ಕ್ಯಾಥೆಟರ್ ಹಿಡಿಕೆ ರೂಪಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮೂತ್ರದ ಪೈಪು ಜಾರದಂತೆ ಹಿಡಿದಿಡಲು ಹೊಸ ಸಾಧನ ಮಾಡಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ಕಂಪ್ಯೂಟರಿನಲ್ಲಿ ಕ್ಲಿಪ್ ಬಿಡಿಸಿ, ತ್ರೀಡಿ ಪ್ರಿಂಟ್ ತೆಗೆದು, ಪೈಪನ್ನು ಅದಕ್ಕೆ ಸಿಕ್ಕಿಸಿ ಎಳೆದು ನೋಡುತ್ತಾರೆ. ಕ್ಲಿಪ್ ಗಟ್ಟಿಯಾಗಿರುತ್ತದೆ, ಪೈಪು ಅಲುಗುವುದಿಲ್ಲ, ಎಲ್ಲರಿಗೂ ಖುಷಿ. ಅದೇ ಮಾದರಿಯನ್ನು ಜುಲೈ ತಿಂಗಳಲ್ಲಿ ಅಂಟಿನ ಪ್ಯಾಡಿಗೆ ಕೂರಿಸಿ ಬೆವರಿದ ತೊಡೆಯ ಮೇಲೆ ಅಂಟಿಸಿದರೆ ಬೆಳಗಾಗುವುದರೊಳಗೆ ಕ್ಲಿಪ್, ಪೈಪು, ಪ್ಯಾಡು ಎಲ್ಲ ಒಟ್ಟಿಗೆ ಎದ್ದು ಬಂದಿರುತ್ತವೆ. ಸೋತಿದ್ದು ಕ್ಲಿಪ್ ಅಲ್ಲ, ಚರ್ಮಕ್ಕೂ ಪ್ಯಾಡಿಗೂ ನಡುವಿನ ಅಂಟು.

ಹಾಗಾಗಿ ಇಲ್ಲಿ ಕೆಲಸದ ಕ್ರಮವನ್ನೇ ತಿರುಗಿಸಿದ್ದೇವೆ. ಮೊದಲು ಚರ್ಮ, ಆಮೇಲೆ ಪ್ಯಾಡು, ಕೊನೆಗೆ ಕ್ಲಿಪ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಕೊಡಗಿನಲ್ಲಿ ಬೇರೆ ಕ್ರಮ ನಡೆಯುವುದಿಲ್ಲ.

ಉದಾಹರಣೆಗೆ ಆರಿಸಿಕೊಂಡಿರುವುದು ವಯಸ್ಕರಿಗೆ ಹಾಕುವ 16 ಫ್ರೆಂಚ್ (ಪೈಪಿನ ದಪ್ಪದ ಅಳತೆ) ಫೋಲಿ ಕ್ಯಾಥೆಟರ್, ಅಂದರೆ ತುದಿಯ ಬಲೂನು ಉಬ್ಬಿಸಿ ಮೂತ್ರಕೋಶದಲ್ಲಿ ನಿಲ್ಲಿಸುವ ಪೈಪು. ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಹಿಡಿಕೆ ಕೂರುವುದು ಗಾಯವಿಲ್ಲದ ತೊಡೆಯ ಚರ್ಮದ ಮೇಲೆ, ಪೈಪು ಒಳಹೋಗುವ ಜಾಗದಿಂದ ದೂರದಲ್ಲಿ. ತಪ್ಪಾದರೆ ಆಗುವ ಹಾನಿ ರಕ್ತನಾಳದ ಪೈಪಿಗೆ ಹೋಲಿಸಿದರೆ ಕಡಿಮೆ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ಡಿಜಿಟಲ್ ವರ್ನಿಯರ್ ಕ್ಯಾಲಿಪರ್, ಸಾಮಾನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ, ಸ್ಟಾಪ್‌ವಾಚ್, ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್, ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ನೈಟ್ರೈಲ್ ಕೈಗವಸು, ಅಳಿಸದ ಸಣ್ಣ ಮೊನೆಯ ಮಾರ್ಕರ್. ಔಷಧಿ ಅಂಗಡಿಯಿಂದ ಕನಿಷ್ಠ ನಾಲ್ಕು ಬ್ರ್ಯಾಂಡಿನ 14 ಮತ್ತು 16 ಫ್ರೆಂಚ್ ಫೋಲಿಗಳು, ಲ್ಯಾಟೆಕ್ಸ್ ಮತ್ತು ಸಿಲಿಕೋನ್ ಎರಡೂ ಇರಲಿ. ಜೊತೆಗೆ 2 ಲೀಟರಿನ ಯೂರಿನ್ ಬ್ಯಾಗ್‌ಗಳು.

ಪ್ರಿಂಟರ್ ಸ್ವಂತ ಇರಬೇಕೆಂದಿಲ್ಲ. ಪೊನ್ನಂಪೇಟೆ, ಕುಶಾಲನಗರ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಮೆಕ್ಯಾನಿಕಲ್ ವಿಭಾಗದಲ್ಲಿ ಕೇಳಿ ನೋಡಿ. ವೈದ್ಯಕೀಯ ದರ್ಜೆಯ ಅಂಟುಹಾಳೆಯನ್ನು ಮಾತ್ರ ಬೆಂಗಳೂರಿನ ವಿತರಕರಿಂದಲೇ ತರಿಸಬೇಕಾದೀತು. ತರಿಸುವಾಗ ದತ್ತಾಂಶ ಪತ್ರವನ್ನೂ ವಸ್ತು ಮೈಗೆ ಒಗ್ಗುತ್ತದೆಯೇ ಎಂಬ ಜೈವಿಕ ಹೊಂದಾಣಿಕೆಯ ವರದಿಯನ್ನೂ ಕೇಳಿ ಪಡೆಯಿರಿ. ಕೊಡಲೊಪ್ಪದವರಿಂದ ಕೊಳ್ಳಬೇಡಿ.

## ಹಂತ 1: ಒಂದು ವಾಕ್ಯದ ಉದ್ದೇಶ ಬರೆಯಿರಿ

ಯಾರ ಮೈಮೇಲೆ, ಯಾವ ಜಾಗದಲ್ಲಿ, ಯಾವ ಪೈಪನ್ನು, ಎಷ್ಟು ದಿನ, ಯಾರು ಹಾಕುತ್ತಾರೆ. ಈ ಐದಕ್ಕೂ ಉತ್ತರವಿರುವ ಒಂದೇ ವಾಕ್ಯ ಸಾಕು: “ವಯಸ್ಕ ರೋಗಿಯ ತೊಡೆಯ ಮೇಲಿನ ಗಾಯವಿಲ್ಲದ ಚರ್ಮದಲ್ಲಿ 14ರಿಂದ 18 ಫ್ರೆಂಚ್ ಫೋಲಿಯನ್ನು 7 ದಿನಗಳವರೆಗೆ ಹಿಡಿದಿಡಲು, ನರ್ಸ್ ಅಥವಾ ತರಬೇತಿ ಪಡೆದ ಮನೆಯವರು ಹಾಕುವ, ಒಮ್ಮೆ ಮಾತ್ರ ಬಳಸುವ ಸಾಧನ.”

ಇದಕ್ಕೆ “ಸೋಂಕು ತಡೆಯುತ್ತದೆ” ಎಂದು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಬೇಡಿ. ಆ ಎರಡು ಪದಕ್ಕೆ ದೊಡ್ಡ ಕ್ಲಿನಿಕಲ್ ಪುರಾವೆ ಬೇಕಾಗುತ್ತದೆ, ಪರವಾನಗಿಯ ದಾರಿಯೂ ಉದ್ದವಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2009ರ ಮಾರ್ಗಸೂಚಿ ಕೂಡ ಫೋಲಿ ಹಾಕಿದ ಮೇಲೆ ಅದು ಅಲುಗದಂತೆ, ಮೂತ್ರನಾಳ ಎಳೆಯದಂತೆ ಭದ್ರಪಡಿಸಿ ಎನ್ನುತ್ತದೆ. ಅಲುಗಾಟ ಮತ್ತು ಎಳೆತ, ನಿಮ್ಮ ಸಾಧನ ಈ ಎರಡಕ್ಕೆ ಉತ್ತರ ಕೊಟ್ಟರೆ ಸಾಕು.

ವಾಕ್ಯ ಬರೆಯುವ ಮುನ್ನ ವಾರ್ಡಿನ ಸಿಸ್ಟರ್‌ಗಳ ಹತ್ತಿರವೂ ಮನೆಯಲ್ಲಿ ರೋಗಿ ನೋಡಿಕೊಳ್ಳುವವರ ಹತ್ತಿರವೂ ಮಾತಾಡಿ. ಸಿಲ್ವರ್ ಓಕ್ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೆಣಸು ಕೊಯ್ಯುವ ಕಾರ್ಮಿಕ ತೋಟದ ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಪೈಪಿನೊಂದಿಗೆ ಇರಬೇಕಾದಾಗ, ಪ್ಯಾಡು ಬದಲಿಸುವವರು ಹೆಂಡತಿಯೋ ಮಗಳೋ. ಅವರ ಕೈಯಲ್ಲಿ ಆಗದ್ದು ಆಸ್ಪತ್ರೆಯಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಪ್ರಯೋಜನವಿಲ್ಲ.

## ಹಂತ 2: ಎಳೆತದ ನಕ್ಷೆ ಬಿಡಿಸಿ

ಒಂದು ಹಾಳೆಯಲ್ಲಿ ಮಲಗಿದ ರೋಗಿ, ಪೈಪು, ಬ್ಯಾಗು ಬಿಡಿಸಿ, ಪೈಪಿನ ಮೇಲೆ ಬಲ ಬೀಳುವ ಪ್ರತಿ ಸಂದರ್ಭಕ್ಕೂ ಒಂದು ಬಾಣ ಹಾಕಿ. ತುಂಬಿದ ಬ್ಯಾಗಿನ ತೂಕ ಕೆಳಕ್ಕೆ. ಮಗ್ಗುಲು ಬದಲಿಸಿದಾಗ ಅಡ್ಡಕ್ಕೆ. ಕಾಲು ಮಡಚಿದಾಗ ತಿರುಚು. ಕಂಬಳಿ ಎಳೆದಾಗ ಮೇಲಕ್ಕೆ. ಆಂಬ್ಯುಲೆನ್ಸಿನಲ್ಲಿ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೋಗುವಾಗ ತಿರುವಿಗೊಂದು ಸಲ, ಹೊಂಡಕ್ಕೊಂದು ಸಲ, ಸಣ್ಣಸಣ್ಣ ಜಗ್ಗು ನೂರಾರು ಬಾರಿ.

2 ಲೀಟರ್ ಬ್ಯಾಗ್ ತುಂಬಿದರೆ 2 ಕೆಜಿ, ಅಂದರೆ ಸುಮಾರು 20 ನ್ಯೂಟನ್. ಇದು ನಿಮ್ಮ ಮೊದಲ ಅಂಕಿ.

ಬಾಣಗಳನ್ನು ಎರಡು ಗುಂಪು ಮಾಡಿ: ಚರ್ಮಕ್ಕೆ ಸಮಾನಾಂತರವಾಗಿ ಜಾರಿಸುವವು, ಚರ್ಮದಿಂದ ಮೇಲಕ್ಕೆತ್ತಿ ಸುಲಿಯುವವು. ಅಂಟು ಜಾರುವಿಕೆಯನ್ನು ತಡೆಯುವುದು ಇಡೀ ವಿಸ್ತೀರ್ಣದಿಂದ. ಸುಲಿತವನ್ನು ತಡೆಯುವುದು ಮಾತ್ರ ಅಂಚಿನ ಒಂದು ಗೆರೆಯಷ್ಟೇ. ಪ್ಯಾಡನ್ನು ಎರಡು ಪಟ್ಟು ಉದ್ದ ಮಾಡಿದರೂ ಸುಲಿಯಲು ಬೇಕಾದ ಬಲ ಹೆಚ್ಚುವುದಿಲ್ಲ. ಆ ಬಲ ನಿಂತಿರುವುದು ಅಗಲದ ಮೇಲೆ. “ಅಂಟು ಸಾಲದು, ಪ್ಯಾಡ್ ದೊಡ್ಡದು ಮಾಡೋಣ” ಎಂಬ ಪರಿಹಾರ ಫಲಿಸದಿರುವುದು ಇದಕ್ಕೇ. ಮುಂದಿನ ಎಲ್ಲ ಹಂತದಲ್ಲೂ ನೀವು ಮಾಡಬೇಕಿರುವುದು ಸುಲಿತದ ಬಾಣಗಳನ್ನು ಜಾರುವಿಕೆಯ ಬಾಣಗಳಾಗಿ ತಿರುಗಿಸುವ ಕೆಲಸ.

## ಹಂತ 3: ಅಂಟು ಆರಿಸಿ

ಅತಿ ಹೆಚ್ಚು ಸಮಯ ಇಲ್ಲೇ ಕಳೆಯಿರಿ.

ಮೈ ಬೆವರದೆ ಸುಮ್ಮನಿದ್ದಾಗಲೂ ಚರ್ಮದಿಂದ ದಿನಕ್ಕೆ ಚದರ ಮೀಟರಿಗೆ ಸುಮಾರು 120ರಿಂದ 240 ಗ್ರಾಂ ನೀರಾವಿ ಹೊರಬರುತ್ತಿರುತ್ತದೆ. ಬೆವರಿದರೆ ಇದರ ಎಷ್ಟೋ ಪಟ್ಟು. ಈ ಆವಿ ಪ್ಯಾಡಿನ ಮೂಲಕ ಹೊರಗೆ ಹೋಗದಿದ್ದರೆ ಅಂಟಿನ ಕೆಳಗೆ ನೀರಾಗಿ ನಿಲ್ಲುತ್ತದೆ. ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ. ದತ್ತಾಂಶ ಪತ್ರದಲ್ಲಿ ತೇವಾಂಶದ ಆವಿ ಸಾಗುವ ದರ ಎಂಬ ಸಾಲನ್ನು ಹುಡುಕಿ. ಅದು ಮೇಲಿನ ಅಂಕಿಗಿಂತ ಹಲವು ಪಟ್ಟು ಹೆಚ್ಚಿರಬೇಕು. ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಆವಿ ಹೊರಹೋಗುವ ವೇಗ ತಗ್ಗುತ್ತದೆ. ಹಾಗಾಗಿ ಒಣ ಊರಿನಲ್ಲಿ ಸಾಕಾದದ್ದು ಭಾಗಮಂಡಲದಲ್ಲಿ ಸಾಲದು.

ನಾಲ್ಕು ಬಗೆಯ ಅಂಟನ್ನು ಪಕ್ಕಪಕ್ಕ ಇಟ್ಟು ನೋಡಿ.

ಅಕ್ರಿಲಿಕ್ ಅಂಟು ಹಚ್ಚಿದ ಕೂಡಲೇ ಸಾಧಾರಣವಾಗಿ ಹಿಡಿಯುತ್ತದೆ, ಗಂಟೆ ಕಳೆದಂತೆ ಬಿಗಿಯಾಗುತ್ತದೆ. 7 ದಿನದ ಕೆಲಸಕ್ಕೆ ಇದೇ ಮೊದಲ ಆಯ್ಕೆ. ತೆಗೆಯುವಾಗ ವಯಸ್ಸಾದವರ ತೆಳು ಚರ್ಮವನ್ನೂ ಕಿತ್ತುಕೊಂಡು ಬರುವ ಅಪಾಯವಿದೆ.

ಸಿಲಿಕೋನ್ ಜೆಲ್ ಅಂಟು ಚರ್ಮಕ್ಕೆ ಮೃದು, ತೆಗೆದು ಮತ್ತೆ ಹಚ್ಚಬಹುದು. ಆದರೆ ಒದ್ದೆ ಚರ್ಮದ ಮೇಲೆ ಕೂರುವುದಿಲ್ಲ, ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ.

ಹೈಡ್ರೊಕೊಲಾಯ್ಡ್ ತೇವ ಹೀರಿಕೊಳ್ಳುತ್ತದೆ. ಹೀರಿ ಹೀರಿ ಉಬ್ಬಿ, ಅಂಚಿನಲ್ಲಿ ಅಂಟಂಟಾಗಿ ಕರಗಿ, ಬಟ್ಟೆಗೂ ಮೆತ್ತಿಕೊಳ್ಳುತ್ತದೆ.

ಸತುವಿನ ಆಕ್ಸೈಡಿನ ಹಳೇ ಪ್ಲಾಸ್ಟರ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಉಸಿರಾಡುವುದಿಲ್ಲ, ಚರ್ಮದ ಮೇಲೆ ಕಲೆ ಉಳಿಸುತ್ತದೆ. ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ, ಏಕೆಂದರೆ ನಿಮ್ಮ ಸಾಧನ ನಿಜವಾಗಿ ಗೆಲ್ಲಬೇಕಿರುವುದು ಇದರ ಮೇಲೆ.

ಚರ್ಮದ ಬದಲು ಏನು? ಮೊದಲ ಸುತ್ತಿನ ಪರೀಕ್ಷೆಗೆ ಹಂದಿಯ ಚರ್ಮ ಒಳ್ಳೆಯದು, ಕೊಡಗಿನಲ್ಲಿ ಅದಕ್ಕೆ ಪರದಾಡಬೇಕಿಲ್ಲ. ಅಂಗಡಿಯಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿ: ಕೂದಲು ಸುಟ್ಟ ಚರ್ಮ ಬೇಡ, ಬಿಸಿನೀರು ಹಾಕಿ ಹೆರೆದದ್ದು ಬೇಕು. ಸುಟ್ಟರೆ ಮೇಲ್ಪದರ ಗಟ್ಟಿಯಾಗಿ ಅಂಟು ಬೇರೆಯೇ ರೀತಿ ವರ್ತಿಸುತ್ತದೆ. ಕೊಬ್ಬಿನ ಒಂದು ಪದರ ಉಳಿಸಿಕೊಂಡು, ಮೇಲ್ಭಾಗವನ್ನು ಸೋಪುನೀರಿನಿಂದ ತೊಳೆದು, ಒರೆಸಿ, ಅದೇ ದಿನ ಬಳಸಿ.

ತೇವದ ಡಬ್ಬ. ಬಟ್ಟಲಿನಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ಉಪ್ಪು ಪೂರ್ತಿ ಕರಗದೆ ತಳದಲ್ಲಿ ಉಳಿಯುವಂತೆ ಮಾಡಿ ಮುಚ್ಚಿದ ಡಬ್ಬದಲ್ಲಿಟ್ಟರೆ ಒಳಗಿನ ಆರ್ದ್ರತೆ 75 ಶೇಕಡಾಕ್ಕೆ ನಿಲ್ಲುತ್ತದೆ. ಅಗ್ಗದ ಹೈಗ್ರೋಮೀಟರ್ ಸರಿ ಇದೆಯೇ ಎಂದು ನೋಡಲು ಇದಕ್ಕಿಂತ ಸುಲಭ ದಾರಿಯಿಲ್ಲ. ಪ್ರಯೋಗಾಲಯ ದರ್ಜೆಯ ಪೊಟ್ಯಾಸಿಯಂ ಕ್ಲೋರೈಡ್ ಬಳಸಿದರೆ ಸುಮಾರು 84 ಶೇಕಡಾ ಸಿಗುತ್ತದೆ. ತೋಟದ ಗೋಡೌನಿನಲ್ಲಿರುವ ಪೊಟ್ಯಾಷ್ ಗೊಬ್ಬರವೂ ಅದೇ ಅಲ್ಲವೇ ಎಂದು ಅದನ್ನು ಸುರಿಯಬೇಡಿ. ಅದರಲ್ಲಿ ಬೇರೆ ಲವಣ ಬೆರೆತಿದ್ದು ಅಂಕಿ ಕೆಳಗಿಳಿಯುತ್ತದೆ. 90 ದಾಟಬೇಕೆಂದರೆ ಒದ್ದೆ ಟವೆಲ್ ಸಾಕು, ಹೈಗ್ರೋಮೀಟರ್ ಓದುತ್ತಿರಿ.

ಸಾಮಾನ್ಯ ತಪ್ಪು: ಅಂಟುಹಾಳೆಯನ್ನು ಎಳೆದು ಹಿಗ್ಗಿಸಿ ಹಚ್ಚುವುದು. ಹಿಗ್ಗಿದ ಹಾಳೆ ಮತ್ತೆ ಕುಗ್ಗುತ್ತ ಚರ್ಮವನ್ನೂ ಎಳೆಯುತ್ತದೆ, ಅಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ಬಳಸುವವರು ಹೀಗೆ ಮಾಡದಂತೆ ಹಿಂಬದಿಯ ಕಾಗದವನ್ನು ಎರಡು ಭಾಗವಾಗಿ ಸೀಳಿಡಿ. ಒಂದು ಅರ್ಧ ತೆಗೆದು ಅಂಟಿಸಿ, ಆಮೇಲೆ ಇನ್ನೊಂದು.

## ಹಂತ 4: ಪ್ಯಾಡಿನ ಆಕಾರ

ಶುರುವಿಗೆ 75 ಮಿಮೀ × 50 ಮಿಮೀ ಇಟ್ಟುಕೊಳ್ಳಿ. ಮೂಲೆಗಳನ್ನು ಕನಿಷ್ಠ 10 ಮಿಮೀ ತ್ರಿಜ್ಯದಲ್ಲಿ ದುಂಡಗೆ ಮಾಡಿ, ಏಕೆಂದರೆ ಚೂಪು ಮೂಲೆಯೇ ಮೊದಲು ಏಳುವುದು.

ಕ್ಲಿಪ್ ಕೂರುವ ಗಟ್ಟಿ ಬುಡ ಪ್ಯಾಡಿಗಿಂತ ಸಾಕಷ್ಟು ಚಿಕ್ಕದಿರಲಿ, ಸುತ್ತಲೂ 12ರಿಂದ 15 ಮಿಮೀ ಮೆತ್ತನೆಯ ಅಂಚು ಉಳಿಯಲಿ. ಗಟ್ಟಿ ಬುಡ ಪ್ಯಾಡಿನ ಅಂಚಿಗೆ ಬಂದರೆ ಅದು ಸನ್ನೆಗೋಲಾಗಿ ಅಂಟನ್ನು ಮೀಟಿ ಎಬ್ಬಿಸುತ್ತದೆ. ಬುಡದ ಕೆಳಗೆ ಆವಿ ಹೊರಹೋಗಲು ದಾರಿಯಿಲ್ಲವೆಂಬುದೂ ನೆನಪಿರಲಿ. ಬುಡ ಆದಷ್ಟು ಚಿಕ್ಕದಿರಬೇಕು, ಸಾಧ್ಯವಾದರೆ ತೂತುಗಳಿರಬೇಕು.

ಪೈಪಿನ ನಡುಗೆರೆ ಚರ್ಮದಿಂದ ಎಷ್ಟು ಮೇಲಿದೆ? ಅಳೆಯಿರಿ. ಎತ್ತರ ಹೆಚ್ಚಿದಷ್ಟೂ ಅದೇ ಎಳೆತ ಪ್ಯಾಡನ್ನು ಹೆಚ್ಚು ಮಗುಚುತ್ತದೆ. 8 ಮಿಮೀ ಒಳಗೆ ಇಟ್ಟುಕೊಳ್ಳಲು ಪ್ರಯತ್ನಿಸಿ. ನೋಡಲು ಚೆಂದವಾದ ಎಷ್ಟೋ ಮಾದರಿಗಳು ಇದೊಂದರಲ್ಲೇ ಬೀಳುತ್ತವೆ.

## ಹಂತ 5: ಈಗ ಕ್ಲಿಪ್

1 ಫ್ರೆಂಚ್ ಅಂದರೆ ಹೊರ ವ್ಯಾಸದಲ್ಲಿ ಮೂರನೇ ಒಂದು ಮಿಮೀ. 16 ಫ್ರೆಂಚ್ ಪೈಪು ಸುಮಾರು 5.3 ಮಿಮೀ. ಪೈಪಿನ ನೇರ ಭಾಗವನ್ನು ಒತ್ತಿ ಹಿಡಿಯುವ ಕ್ಲಿಪ್ ಮಾಡಬೇಡಿ. ಸಿಲಿಕೋನ್ ಪೈಪು ನುಣುಪು. ಅದು ಜಾರದಷ್ಟು ಒತ್ತಿದರೆ ಒಳಗಿನ ದಾರಿ ಚಪ್ಪಟೆಯಾಗಿ ಮೂತ್ರ ನಿಲ್ಲುತ್ತದೆ. ಬಲೂನಿನ ನೀರು ಹೋಗುವ ಸಣ್ಣ ಕಾಲುವೆ ಇನ್ನೂ ಬೇಗ ಮುಚ್ಚುತ್ತದೆ, ಆಗ ತೆಗೆಯುವ ದಿನ ಬಲೂನು ಇಳಿಯದೆ ಫಜೀತಿ.

ಹಿಡಿಯಬೇಕಾದ ಜಾಗ ಪೈಪು ಎರಡಾಗಿ ಕವಲೊಡೆಯುವ ದಪ್ಪ ಭಾಗ. ಅಲ್ಲಿ ಒತ್ತುವ ಅಗತ್ಯವಿಲ್ಲ. ಕವಲಿನ ಹೆಗಲು ತಗುಲಿ ನಿಲ್ಲುವಂಥ ಗೂಡು ಮಾಡಿದರೆ ಆಕಾರವೇ ಅದನ್ನು ತಡೆಯುತ್ತದೆ. ಗೂಡಿಗೂ ಪೈಪಿಗೂ 0.2ರಿಂದ 0.3 ಮಿಮೀ ಸಡಿಲ ಬಿಡಿ. ಕವಲಿನ ಅಳತೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ, ನಾಲ್ಕು ಬ್ರ್ಯಾಂಡ್ ತರಿಸಲು ಹೇಳಿದ್ದು ಅದಕ್ಕೇ. ಪ್ರತಿಯೊಂದರಲ್ಲೂ ಹೆಗಲಿನ ಅಗಲ, ದಪ್ಪ, ಕವಲಿನ ಕೋನ ಅಳೆದು ಪಟ್ಟಿ ಮಾಡಿ, ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಹೊಂದುವ ಗೂಡು ಬಿಡಿಸಿ. ಒಂದೇ ಗೂಡಿಗೆ ಒಗ್ಗದಿದ್ದರೆ ಒಳಗೆ ತೆಳು ಮೆತ್ತನೆಯ ಪದರ ಕೊಡಿ.

ಮುಚ್ಚಳ ಒದ್ದೆ ಕೈಗವಸು ಹಾಕಿದ ಹೆಬ್ಬೆರಳಿಂದ ಮುಚ್ಚಬೇಕು, ಮುಚ್ಚಿದಾಗ ಟಕ್ ಎನ್ನಬೇಕು. ಸದ್ದಿಲ್ಲದಿದ್ದರೆ ಅರ್ಧ ಮುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ತೆರೆಯುವಾಗ ಬೆರಳು ಮೇಲಕ್ಕೆ ಎತ್ತುವಂತಿದ್ದರೆ ಪ್ರತಿ ಸಲವೂ ಪ್ಯಾಡು ಸುಲಿಯುತ್ತದೆ. ಎರಡು ಬದಿಯಿಂದ ಹಿಂಡಿದರೆ ತೆರೆದುಕೊಳ್ಳುವಂತೆ ಮಾಡಿ.

ತಿರುಚಿನ ಬಾಣ ನೆನಪಿದೆಯೇ? ಕ್ಲಿಪ್ ಬುಡದ ಮೇಲೆ ತಿರುಗುವಂತಿದ್ದರೆ ಆ ಬಲ ಚರ್ಮಕ್ಕೆ ತಲುಪುವುದೇ ಇಲ್ಲ. ತಿರುಗುವ ಕ್ಲಿಪ್‌ಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ, ಪೇಟೆಂಟ್ ಹುಡುಕಾಟದಲ್ಲಿ ಎದುರಾಗುತ್ತವೆ. ಹಾಗಾಗಿ ನಿಮ್ಮ ಹೊಸತನ ಎಲ್ಲಿದೆ ಎಂಬುದನ್ನು ಈಗಲೇ ಗುರುತಿಸಿಕೊಳ್ಳಿ.

ಪ್ರಿಂಟಿಗೆ 0.2 ಮಿಮೀ ಪದರದ ಪಿಇಟಿಜಿ ಪ್ಲಾಸ್ಟಿಕ್ ಸಾಕು. ಮೆತ್ತನೆಯ ಭಾಗಕ್ಕೆ ರಬ್ಬರಿನಂಥ ಟಿಪಿಯು. ಪ್ರಿಂಟಿನ ಪದರಗೆರೆಗಳು ಪೈಪನ್ನು ಉಜ್ಜುತ್ತವೆ, ಗೂಡಿನ ಒಳಮೈಯನ್ನು 400 ನಂಬರಿನ ಮರಳುಕಾಗದದಿಂದ ತಿಕ್ಕಿ. ದ್ರವ ರಾಳದ ಪ್ರಿಂಟ್ ಮೈಗೆ ತಗಲುವ ಮಾದರಿಗೆ ಬೇಡ, ಪೂರ್ತಿ ಗಟ್ಟಿಯಾಗದ ರಾಳ ಚರ್ಮಕ್ಕೆ ವಿಷ. ಪ್ಲಾಟಿನಂ ಸಿಲಿಕೋನಿನಲ್ಲಿ ಎರಕ ಹೊಯ್ಯುವುದಾದರೆ ಲ್ಯಾಟೆಕ್ಸ್ ಕೈಗವಸು ಹತ್ತಿರಕ್ಕೂ ತರಬೇಡಿ. ಅದರಲ್ಲಿನ ಗಂಧಕ ತಗುಲಿದರೆ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಕೆಲವು ರಾಳದ ಅಚ್ಚುಗಳೂ ಇದೇ ತೊಂದರೆ ಕೊಡುತ್ತವೆ.

## ಹಂತ 6: ಮೇಜಿನ ಮೇಲಿನ ಪರೀಕ್ಷೆ

4 ಇಂಚಿನ ಪಿವಿಸಿ ಪೈಪಿಗೆ 10 ಮಿಮೀ ಫೋಮ್ ಸುತ್ತಿ, ಅದರ ಮೇಲೆ ಹಂದಿಚರ್ಮ ಬಿಗಿದರೆ ತೊಡೆ ಸಿದ್ಧ. ಪ್ರತಿ ಪರೀಕ್ಷೆಗೂ ಕನಿಷ್ಠ ಐದು ಹೊಸ ಮಾದರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅಂಟನ್ನೂ ಆಕಾರವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ.

ನಿಂತ ತೂಕ. ಕ್ಲಿಪ್ಪಿನ ಅಂಚಿನಲ್ಲಿ ಪೈಪಿಗೆ ಮಾರ್ಕರ್ ಗೆರೆ ಹಾಕಿ, 2 ಕೆಜಿ ತೂಗುಹಾಕಿ, 24 ಗಂಟೆ ಬಿಡಿ. ಗೆರೆ 2 ಮಿಮೀಗಿಂತ ಹೆಚ್ಚು ಸರಿದರೆ ಕ್ಲಿಪ್ ಫೇಲ್. ಪ್ಯಾಡಿನ ಅಂಚು ಎದ್ದಿದ್ದರೆ ಅಂಟು ಫೇಲ್. ಇವೆರಡನ್ನೂ ಬೇರೆಬೇರೆ ಕಾಲಮಿನಲ್ಲಿ ಬರೆಯಿರಿ. ಹೀಗೆ 24 ಗಂಟೆ ಇಡಬೇಕಾದ ಚರ್ಮದ ತುಂಡನ್ನು ತಂಪಾದ ಕಡೆ ಇಡಿ. ಇಲ್ಲವೇ ಉಜ್ಜಿ ಒರೆಸಿದ ಸ್ಟೇನ್‌ಲೆಸ್ ತಟ್ಟೆ ಬಳಸಿ ಹೋಲಿಕೆಗೆ ಮಾತ್ರ ಓದಿ.

ದಿಕ್ಕು. ಕೊಕ್ಕೆಯ ತಕ್ಕಡಿಯಿಂದ ಮುಂದಕ್ಕೆ, ಹಿಂದಕ್ಕೆ, ಅಡ್ಡಕ್ಕೆ, ನೇರ ಮೇಲಕ್ಕೆ ನಿಧಾನ ಎಳೆದು ಬಿಟ್ಟ ಕ್ಷಣದ ಅಂಕಿ ಬರೆದುಕೊಳ್ಳಿ. ಮೇಲಕ್ಕೆ ಎಳೆದ ಅಂಕಿ ಉಳಿದವುಗಳಿಗಿಂತ ಬಹಳ ಕಡಿಮೆ ಬಂದರೆ ಹಂತ 4ಕ್ಕೆ ಹಿಂದಿರುಗಿ.

ಯಾವುದು ಮೊದಲು ಬಿಡಬೇಕು? ಜೋರಾಗಿ ಜಗ್ಗಿದಾಗ ಎಲ್ಲೋ ಒಂದು ಕಡೆ ಬಿಡಲೇಬೇಕು. ಕ್ಲಿಪ್ಪೋ ಪ್ಯಾಡೋ ಬಿಟ್ಟರೆ ಮುಂದಿನ ಎಳೆತವೆಲ್ಲ ಉಬ್ಬಿದ ಬಲೂನಿನ ಮೂಲಕ ಮೂತ್ರಕೋಶದ ಕುತ್ತಿಗೆಗೇ ಹೋಗುತ್ತದೆ. ಕ್ಯಾಥೆಟರಿಗೂ ಬ್ಯಾಗಿನ ನಳಿಗೆಗೂ ಇರುವ ಜೋಡಣೆ ಮೊದಲು ಬಿಟ್ಟರೆ ಹಾಸಿಗೆ ಒದ್ದೆಯಾಗುತ್ತದೆ, ಮುಚ್ಚಿದ ವ್ಯವಸ್ಥೆ ತೆರೆದು ಸೋಂಕಿನ ಅಪಾಯವೂ ಇದೆ, ಆದರೆ ಮೂತ್ರನಾಳ ಹರಿಯುವುದಿಲ್ಲ. ಎರಡರಲ್ಲಿ ನಾವು ಎರಡನೆಯದನ್ನೇ ಆರಿಸುತ್ತೇವೆ. ಆ ಜೋಡಣೆ ಬಿಡುವ ಬಲವನ್ನು ಅಳೆದು, ನಿಮ್ಮ ಸಾಧನ ಅದಕ್ಕಿಂತ ಹೆಚ್ಚು ತಡೆಯುತ್ತದೆಯೇ ನೋಡಿ.

ಹರಿವು. ಮೂತ್ರಕೋಶದೊಳಗಿನ ಒತ್ತಡ ತೀರ ಕಡಿಮೆ. ಬಾಟಲಿಯನ್ನು ಒಂದು ಮೀಟರ್ ಎತ್ತರಕ್ಕೆ ನೇತುಹಾಕಿ ಪರೀಕ್ಷಿಸಿದರೆ ಅರ್ಧ ಮುಚ್ಚಿದ ಪೈಪೂ ಪಾಸಾಗುತ್ತದೆ. ನೀರಿನ ಮಟ್ಟ 15 ಸೆಂಮೀ ಮಾತ್ರ ಇರಲಿ. 200 ಮಿಲೀ ಇಳಿಯಲು ಕ್ಲಿಪ್ ಇಲ್ಲದೆ ಎಷ್ಟು ಸೆಕೆಂಡ್, ಕ್ಲಿಪ್ ಹಾಕಿ ಎಷ್ಟು? ನಾವು ಒಪ್ಪುವ ವ್ಯತ್ಯಾಸ 5 ಶೇಕಡಾ. ಬಲೂನಿಗೂ 10 ಮಿಲೀ ನೀರು ತುಂಬಿ, ಕ್ಲಿಪ್ ಮುಚ್ಚಿರುವಾಗಲೇ ಪೂರ್ತಿ ವಾಪಸ್ ಬರುತ್ತದೆಯೇ ನೋಡಿ.

ತೇವ ಮತ್ತು ಜಗ್ಗು. ತೇವದ ಡಬ್ಬದಲ್ಲಿ ಒಂದು ರಾತ್ರಿ ಇಟ್ಟ ಮಾದರಿಗಳ ಮೇಲೆ ಮೇಲಿನ ಎಲ್ಲವನ್ನೂ ಮತ್ತೆ ಮಾಡಿ, ಆಮೇಲೆ 500 ಗ್ರಾಂ ತೂಕವನ್ನು ಸಾವಿರ ಸಲ ಎತ್ತಿಬಿಡುವ ಸಣ್ಣ ಮೋಟಾರಿಗೆ ಕಟ್ಟಿ. ಒಣಗಿದ ಸ್ಥಿತಿಯ ಅಂಕಿಯನ್ನು ಮಾತ್ರ ತೋರಿಸುವ ವರದಿಯನ್ನು ಕೊಡಗಿನಲ್ಲಿ ಯಾರೂ ನಂಬಬಾರದು.

## ಹಂತ 7: ತೋರಿಸುವ ಮುನ್ನ ಪೇಟೆಂಟ್

ಕಾಲೇಜಿನ ಪ್ರದರ್ಶನ, ವಾಟ್ಸಾಪ್ ಸ್ಟೇಟಸ್, ಪತ್ರಿಕೆಯ ಸುದ್ದಿ, ಇವುಗಳಲ್ಲಿ ಯಾವುದು ಮೊದಲು ಬಂದರೂ ಹೊಸತನ ಹೋಯಿತು. ಭಾರತದ ಕಾನೂನಿನ 12 ತಿಂಗಳ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯಲ್ಲಿ ಓದಿದ ಪ್ರಬಂಧದಂಥ ಕೆಲವಕ್ಕೆ ಮಾತ್ರ.

ಮೊದಲು ಹುಡುಕಿ. ದೇಹದ ಮೇಲೆ ಕ್ಯಾಥೆಟರ್ ಹಿಡಿದಿಡುವ ಸಾಧನಗಳ ಅಂತರರಾಷ್ಟ್ರೀಯ ವರ್ಗ ಎ61ಎಂ 25/02. ಗೂಗಲ್ ಪೇಟೆಂಟ್ಸ್, ಎಸ್ಪೇಸ್‌ನೆಟ್, ಭಾರತದ ಇನ್‌ಪಾಸ್ ಮೂರೂ ಉಚಿತ. ಚಿತ್ರಗಳನ್ನಷ್ಟೇ ನೋಡಿ ಬಿಡಬೇಡಿ, ಯಾವುದಕ್ಕೆ ಹಕ್ಕು ಕೇಳಿದ್ದಾರೆಂದು ಹೇಳುವ, ಕೊನೆಯಲ್ಲಿರುವ ಹಕ್ಕುಸಾಲುಗಳನ್ನು ಓದಿ. ಅವಧಿ ಮುಗಿದ ಪೇಟೆಂಟುಗಳೂ ಓದಲು ಯೋಗ್ಯ, ಎಷ್ಟೋ ತೊಂದರೆಗೆ ಪರಿಹಾರ ಅಲ್ಲೇ ಬಿದ್ದಿರುತ್ತದೆ.

ಆಮೇಲೆ ನಮೂನೆ 1 ಮತ್ತು ನಮೂನೆ 2ರೊಂದಿಗೆ ತಾತ್ಕಾಲಿಕ ವಿವರಣೆ ಸಲ್ಲಿಸಿ. ಕರ್ನಾಟಕಕ್ಕೆ ಚೆನ್ನೈ ಕಚೇರಿ, ಎಲ್ಲವೂ ಆನ್‌ಲೈನ್. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ವಿಷಯಕ್ಕೆ ಹಳೆಯ ದಿನಾಂಕ ಸಿಗುವುದಿಲ್ಲ, ಹಾಗಾಗಿ ಬೇರೆ ಅಂಟು, ಬೇರೆ ಗೂಡು, ಬೇರೆ ಬೀಗ, ಎಲ್ಲ ಬದಲಿ ರೂಪಗಳನ್ನೂ ಅದರಲ್ಲೇ ಬರೆದುಬಿಡಿ.

ಕಲಂ 3(ಐ) ಪ್ರಕಾರ ಚಿಕಿತ್ಸಾ ವಿಧಾನಕ್ಕೆ ಪೇಟೆಂಟ್ ಇಲ್ಲ. “ರೋಗಿಗೆ ಪೈಪು ಭದ್ರಪಡಿಸುವ ವಿಧಾನ” ಎಂದು ಹಕ್ಕು ಕೇಳಬೇಡಿ, ಸಾಧನದ ಭಾಗಗಳನ್ನೂ ಅವು ಜೋಡಿಯಾಗುವ ರೀತಿಯನ್ನೂ ಕೇಳಿ. ಮುಖ್ಯ ಉಪಾಯ ಸಿಸ್ಟರ್ ಒಬ್ಬರು ಹೇಳಿದ್ದಾದರೆ ಅವರ ಹೆಸರು ಆವಿಷ್ಕಾರಕರ ಪಟ್ಟಿಯಲ್ಲಿ ಇರಲೇಬೇಕು. ಇದನ್ನು ಬಿಟ್ಟುಬಿಡುವವರು ಬಹಳ.

## ಹಂತ 8: ರೋಗಿಯ ಹತ್ತಿರ ಒಯ್ಯುವ ಮುನ್ನ

ಪರಿಚಯದ ಡಾಕ್ಟರು ಒಪ್ಪಿದರೆಂದು ವಾರ್ಡಿನಲ್ಲಿ ಅಂಟಿಸಿ ನೋಡುವಂತಿಲ್ಲ. ವೈದ್ಯಕೀಯ ಸಾಧನಗಳ ನಿಯಮಗಳು, 2017 ಜಾರಿಯಲ್ಲಿವೆ. ಅಪಾಯದ ಪ್ರಕಾರ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗ. ಸಿಡಿಎಸ್‌ಸಿಒ ಎಂಬ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರಕಟಿಸಿರುವ ಪಟ್ಟಿಯಲ್ಲಿ ಹಂತ 1ರ ನಿಮ್ಮ ವಾಕ್ಯಕ್ಕೆ ಹೊಂದುವ ಸಾಧನ ಹುಡುಕಿ ವರ್ಗ ನೋಡಿಕೊಳ್ಳಿ.

ಪರೀಕ್ಷೆಗೆಂದು ಸಣ್ಣ ಪ್ರಮಾಣದಲ್ಲಿ ತಯಾರಿಸಲು ನಮೂನೆ ಎಂಡಿ-12ರಲ್ಲಿ ಅರ್ಜಿ ಹಾಕಿ ಎಂಡಿ-13 ಪರವಾನಗಿ ಪಡೆಯಬೇಕು. ಎ ಮತ್ತು ಬಿ ವರ್ಗದ ಮಾರಾಟದ ತಯಾರಿಕೆಗೆ ರಾಜ್ಯ ಪ್ರಾಧಿಕಾರಕ್ಕೆ ಎಂಡಿ-3 ಅರ್ಜಿ, ಸಿಗುವುದು ಎಂಡಿ-5. ಸ್ಟೆರೈಲ್ ಅಲ್ಲದ, ಅಳತೆ ಮಾಡದ ಎ ವರ್ಗದ ಸಾಧನಗಳಿಗೆ 2022ರ ಅಕ್ಟೋಬರ್‌ನ ಅಧಿಸೂಚನೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ, ನೋಂದಣಿ ಮಾತ್ರ ಬೇಕು. ಆಸೆಗೆ ಬಿದ್ದು “ಸ್ಟೆರೈಲ್” ಎಂದು ಮುದ್ರಿಸಿದರೆ ಈ ಸುಲಭದ ದಾರಿ ಮುಚ್ಚುತ್ತದೆ.

ಕಾಗದಪತ್ರದಲ್ಲಿ ಮೊದಲು ತೆರೆಯಬೇಕಾದ್ದು ಐಎಸ್‌ಒ 14971 ಎಂಬ ಅಂತರರಾಷ್ಟ್ರೀಯ ಮಾನದಂಡದ ಅಪಾಯ ನಿರ್ವಹಣೆಯ ಕಡತ. ಹಂತ 2ರ ಬಾಣಗಳೂ ಹಂತ 6ರ ಸೋಲುಗಳೂ ನೇರ ಅದಕ್ಕೇ ಹೋಗುತ್ತವೆ. ಚರ್ಮಕ್ಕೆ ತಗಲುವ ವಸ್ತುಗಳಿಗೆ ಐಎಸ್‌ಒ 10993 ಸರಣಿಯ ಮೂರು ಪರೀಕ್ಷೆ: ಜೀವಕೋಶಕ್ಕೆ ವಿಷವೇ, ಅಲರ್ಜಿ ತರುತ್ತದೆಯೇ, ಉರಿ ತರುತ್ತದೆಯೇ. ಅಂಟುಹಾಳೆಗೆ ವಿತರಕರ ವರದಿ ಇದ್ದರೂ ನೀವು ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಬಣ್ಣ ಮುದ್ರಿಸಿದರೆ ಸಿದ್ಧ ಸಾಧನಕ್ಕೆ ಮತ್ತೆ ಪರೀಕ್ಷೆ ಬೇಕು.

ಮನುಷ್ಯರ ಮೇಲಿನ ಪ್ರತಿ ಪರೀಕ್ಷೆಗೂ, ಆರೋಗ್ಯವಂತ ಸ್ವಯಂಸೇವಕರ ತೊಡೆಗೆ ಬರೀ ಪ್ಯಾಡು ಅಂಟಿಸುವುದಕ್ಕೂ, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜಿನ ವೈದ್ಯರೊಬ್ಬರನ್ನು ಆರಂಭದಿಂದಲೇ ಜೊತೆಗೂಡಿಸಿಕೊಂಡರೆ ಈ ದಾರಿ ಸಲೀಸು. ಹಣದ ವಿಷಯಕ್ಕೆ ಬಂದರೆ, ಜೈವಿಕ ತಂತ್ರಜ್ಞಾನದ ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಬೈರ್ಯಾಕ್ ಸಂಸ್ಥೆಯ ಬಿಗ್ ಅನುದಾನ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲೊಂದು.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಪ್ಯಾಡು ತೆಗೆದ ಅರ್ಧ ಗಂಟೆಯ ಮೇಲೂ ಕೆಂಪು ಹೋಗದಿದ್ದರೆ ಅಂಟು ಅಥವಾ ಒತ್ತಡ ಜಾಸ್ತಿ. ಕೆಂಪು ಬುಡದ ಆಕಾರದಲ್ಲೇ ಇದ್ದರೆ ಒತ್ತಡ, ಪ್ಯಾಡಿನ ಆಕಾರದಲ್ಲಿ ಹರಡಿದ್ದರೆ ಅಂಟು. ಚರ್ಮ ಬೆಳ್ಳಗೆ ಸುಕ್ಕುಗಟ್ಟಿದ್ದರೆ ಆವಿಗೆ ದಾರಿಯಿಲ್ಲ. ಅಂಚಿನ ಗುಳ್ಳೆ ಎಂದರೆ ಹಿಗ್ಗಿಸಿ ಹಚ್ಚಿದ್ದಾರೆ. ಅಂಚು ಸುರುಳಿಯಾಗಿ ಕಪ್ಪು ನಾರು ಅಂಟಿದ್ದರೆ ಅದು ಎರಡನೇ ದಿನಕ್ಕೇ ಸೋತ ಪ್ಯಾಡು, ಉಳಿದ ದಿನ ಪೈಪಿನ ಬಿಗಿತದಿಂದ ನಿಂತಿದೆ ಅಷ್ಟೆ.

ಪೈಪಿನ ಮೇಲೆ ಹೊಳೆಯುವ ಚಪ್ಪಟೆ ಗುರುತು, ಕ್ಲಿಪ್ಪಿನಿಂದ ಹೊರಬರುವಲ್ಲಿ ಮಡಿಕೆ, ಪೈಪಿನ ಸುತ್ತ ಮೂತ್ರ ಸೋರುವುದು, ಈ ಮೂರೂ ಹರಿವಿಗೆ ಅಡ್ಡಿಯಾಗಿರುವ ಲಕ್ಷಣ. ರೋಗಿಗೆ ಹೊಟ್ಟೆ ಬಿಗಿದರೆ ಪರೀಕ್ಷೆ ಮುಂದುವರಿಸದೆ ಸಾಧನ ತೆಗೆದು ವೈದ್ಯರಿಗೆ ತಿಳಿಸಿ.

## ರಕ್ತನಾಳದ ಪೈಪು, ಒಳಗೆ ಕೂರಿಸುವ ಸಾಧನ: ಯಾವಾಗ ಕೈಹಾಕಬಹುದು?

ಫೋಲಿ ಹಿಡಿಕೆ ಪೂರ್ತಿ ಮುಗಿದ ಮೇಲೆ. ತೋಳಿನ ಉದ್ದ ಪೈಪು, ಡಯಾಲಿಸಿಸ್ ಪೈಪುಗಳಲ್ಲಿ ಹಿಡಿಕೆ ತೂತಿನ ಹತ್ತಿರವೇ ಕೂರುವುದರಿಂದ ಸ್ಟೆರೈಲ್ ಆಗಿರಲೇಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಹಚ್ಚಿದ ಚರ್ಮ ಪೂರ್ತಿ ಒಣಗುವ ಮುನ್ನ ಅಂಟು ಮುಚ್ಚಿದರೆ ಸುಟ್ಟಂತೆ ಕೆಂಪಾಗುತ್ತದೆ.

ದೇಹದೊಳಗೆ ಹಿಡಿಯುವ ಸಾಧನಗಳ ತರ್ಕವೇ ಬೇರೆ, ಅಲ್ಲಿ ಅಂಟಿಲ್ಲ. ಪೇಸ್‌ಮೇಕರ್ ತಂತಿಗೆ ಹೊಲಿಗೆ ನೇರ ಹಾಕಿದರೆ ಹೊದಿಕೆ ಸೀಳುತ್ತದೆ, ಹಾಗಾಗಿ ಸಿಲಿಕೋನ್ ಕೊಳವೆ ತೊಡಿಸಿ ಅದರ ಮೇಲೆ ಹೊಲಿಯುತ್ತಾರೆ. ಹೊಟ್ಟೆಯ ಡಯಾಲಿಸಿಸ್ ಪೈಪಿನ ಡೆಕ್ರಾನ್ ಬಟ್ಟೆಯ ಪಟ್ಟಿಯೊಳಕ್ಕೆ ಅಂಗಾಂಶವೇ ಬೆಳೆದು ಹಿಡಿದುಕೊಳ್ಳುತ್ತದೆ. ಬಹುಮಟ್ಟಿಗೆ ಇವು ಸಿ ಅಥವಾ ಡಿ ವರ್ಗ, ಪರವಾನಗಿ ಕೇಂದ್ರದಿಂದ. ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ.

## ಹಂತ 9: ಅಚ್ಚು ಮತ್ತು ಪ್ಯಾಕಿಂಗ್

ಇಂಜೆಕ್ಷನ್ ಅಚ್ಚಿಗೆ ಹೋಗುವ ಮುನ್ನ ಗೋಡೆಯ ದಪ್ಪ ಎಲ್ಲೆಡೆ ಒಂದೇ ಇರಲಿ, 1.2ರಿಂದ 2 ಮಿಮೀ. ಅಚ್ಚಿನಿಂದ ಬಿಡಲು 1ರಿಂದ 2 ಡಿಗ್ರಿ ಇಳಿಜಾರು. ಮುಚ್ಚಳದ ಕೀಲು ಅದೇ ತುಂಡಿನಲ್ಲಿ ಬೇಕಿದ್ದರೆ ಪಾಲಿಪ್ರೊಪಿಲೀನ್, ಕೀಲಿನ ದಪ್ಪ 0.25ರಿಂದ 0.5 ಮಿಮೀ. ಅಚ್ಚಿನ ಎರಡು ಭಾಗ ಸೇರುವ ಗೆರೆ ಪೈಪು ತಗಲುವ ಕಡೆ ಬರಬಾರದು, ಅಲ್ಲಿನ ತೆಳು ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಸ್ಟೆರೈಲ್ ಮಾಡಲೇಬೇಕಾದರೆ ವಸ್ತು ಆರಿಸುವಾಗಲೇ ಯೋಚಿಸಿ. ಗಾಮಾ ಕಿರಣಕ್ಕೆ ಸಾಮಾನ್ಯ ಪಾಲಿಪ್ರೊಪಿಲೀನ್ ಪೆಡಸಾಗುತ್ತದೆ, ಕೀಲು ಮುರಿಯುತ್ತದೆ. ಅಸಿಟಾಲ್ ಪ್ಲಾಸ್ಟಿಕ್ ಇನ್ನೂ ಕೆಟ್ಟದು. 121 ಡಿಗ್ರಿಯ ಆಟೊಕ್ಲೇವ್ ಅಂಟನ್ನು ಹಾಳುಮಾಡುತ್ತದೆ. ಉಳಿಯುವುದು ಎಥಿಲೀನ್ ಆಕ್ಸೈಡ್, ಅದಕ್ಕೆ ಅನಿಲ ಒಳಹೊರಗೆ ಹೋಗುವ ಪ್ಯಾಕೆಟ್ ಬೇಕು, ಉಳಿಕೆ ಅನಿಲದ ಪರೀಕ್ಷೆಯೂ ಬೇಕು.

ಸ್ಟೆರೈಲ್ ಅಲ್ಲದಿದ್ದರೆ ಅಲ್ಯೂಮಿನಿಯಂ ಪದರದ ಚೀಲ ಬಳಸಿ. ಬರೀ ರಟ್ಟಿನ ಡಬ್ಬದಲ್ಲಿಟ್ಟರೆ ಆಗಸ್ಟ್ ಹೊತ್ತಿಗೆ ಇಲ್ಲಿನ ಸ್ಟೋರ್‌ರೂಮಿನಲ್ಲಿ ರಟ್ಟಿಗೆ ಬೂಷ್ಟು ಹಿಡಿದು, ಪ್ಯಾಡಿನ ಹಿಂಬದಿಯ ಕಾಗದ ಅಲೆಅಲೆಯಾಗಿ ಎದ್ದಿರುತ್ತದೆ. ಒಂದು ಚೀಲಕ್ಕೆ ಒಂದೇ ಸಾಧನ, ಚೀಲ ತೆರೆದ ಮೇಲೆ ಇಟ್ಟುಕೊಳ್ಳುವಂತಿಲ್ಲ.

ಸೂಚನೆಯ ಹಾಳೆಯಲ್ಲಿ ಕನ್ನಡದ ಜೊತೆ ಚಿತ್ರಗಳಿರಲಿ. ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳದಿಂದ ಬಂದವರೂ ಇದ್ದಾರೆ. ಆರು ಚಿತ್ರ ಸಾಕು: ಕೂದಲು ಕತ್ತರಿಯಿಂದ ಕತ್ತರಿಸು, ಶೇವ್ ಬೇಡ. ಸೋಪಿನಿಂದ ತೊಳೆದು ಪೂರ್ತಿ ಒಣಗಿಸು, ಎಣ್ಣೆ ಪೌಡರ್ ಬೇಡ. ಮೊದಲು ಪೈಪನ್ನು ಕ್ಲಿಪ್ಪಿಗೆ ಹಾಕು, ಆಮೇಲೆ ಪ್ಯಾಡ್ ಅಂಟಿಸು. ಕಾಲು ಚಾಚಿದರೂ ಬಿಗಿಯದಷ್ಟು ಪೈಪು ಸಡಿಲ ಬಿಡು. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿ. ಬದಲಿಸುವಾಗ ಇನ್ನೊಂದು ತೊಡೆಗೆ ಹಾಕು. ಹಾಳೆಯನ್ನು ಓದು ಬಾರದ ಇಬ್ಬರ ಕೈಗೆ ಕೊಟ್ಟು, ಬಾಯಿಮಾತಿನಲ್ಲಿ ಏನೂ ಹೇಳದೆ, ಪಿವಿಸಿ ತೊಡೆಯ ಮೇಲೆ ಹಾಕಿಸಿ ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಚಿತ್ರವನ್ನು ಮತ್ತೆ ಬರೆಸಿ.